ತೊಗರಿಬೇಳೆ, ಮಂಗಳವಾರ ಹನ್ನೊಂದಕ್ಕೆ

ಬೆಳಿಗ್ಗೆ ಆರೂವರೆಗೆ ಬಿಡದಿಯ ಕಾರ್ಖಾನೆಯೊಂದರ ಬಸ್ಸು ನಮ್ಮ ಮನೆಯ ಮುಂದೆ ಬಂದು ನಿಲ್ಲುತ್ತದೆ. ಮನೆಯ ಮುಂದೆ ಎನ್ನುವುದು ಮರ್ಯಾದೆಯ ಮಾತು. ನಿಜಕ್ಕೂ ಅದು ನಿಲ್ಲುವುದು ನನ್ನ ರಂಗೋಲಿಯ ಮೇಲೆ. ಮೊದಮೊದಲು ಡ್ರೈವರ್ ಜೊತೆ ಜಗಳವಾಡಿದೆ. ಆಮೇಲೆ ರಂಗೋಲಿಯನ್ನು ಒಂದು ಮೊಳ ಹಿಂದಕ್ಕೆ ತಂದೆ. ಬಸ್ಸೂ ಒಂದು ಮೊಳ ಹಿಂದಕ್ಕೆ ಬಂತು. ಆ ಮಂಗಳವಾರವೂ ಅಷ್ಟೇ. ಹಾಲು ಉಕ್ಕದಂತೆ ಪಾತ್ರೆಯ ಮೇಲೆ ಸೌಟು ಅಡ್ಡವಿಟ್ಟು, ಮೋಟಾರು ಹಾಕಿ, ಬಾಗಿಲಿಗೆ ನೀರು ಚಿಮುಕಿಸಿ, ಐದು ಚುಕ್ಕಿ ಐದು ಸಾಲಿನ ರಂಗೋಲಿ ಮುಗಿಸಿ ಸೊಂಟ ನೆಟ್ಟಗೆ ಮಾಡುವಷ್ಟರಲ್ಲಿ ಬಸ್ಸು ಬಂದು ಮೂರನೇ ಸಾಲಿನ ಮೇಲೆ ಚಕ್ರ ಊರಿತು. ಊಟದ ಚೀಲ ಹಿಡಿದ ಹೆಣ್ಣುಮಕ್ಕಳು ಒಬ್ಬೊಬ್ಬರಾಗಿ ಹತ್ತಿದರು. ಅವರಲ್ಲಿ ಒಬ್ಬಳು ಮಾತ್ರ, ಎಡಗಾಲಿಗೆ ಕಪ್ಪು ದಾರ ಕಟ್ಟಿಕೊಂಡವಳು, ಉಳಿದ ಎರಡು ಸಾಲನ್ನು ತುಳಿಯದೆ ದಾಟಿ ಹತ್ತುತ್ತಾಳೆ. ಬೇರೆ ದಿನವಾಗಿದ್ದರೆ ಡ್ರೈವರ್ ಕಡೆ ಒಂದು ಕೆಟ್ಟ ನೋಟ ಎಸೆದು ಒಳಗೆ ಹೋಗುತ್ತಿದ್ದೆ. ಅವತ್ತು ಹೋಗಲಿಲ್ಲ. ರಂಗೋಲಿ ಬಟ್ಟಲು ಹಿಡಿದುಕೊಂಡೇ ನಿಂತು, ಬಸ್ಸಿನಲ್ಲಿ ಎಷ್ಟು ಸೀಟು ಖಾಲಿ ಇವೆ ಎಂದು ಎಣಿಸಿದೆ. ಮೂರಿದ್ದವು. ಒಂದು ಕಿಟಕಿಯ ಪಕ್ಕದ್ದು.

ಇನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ, ಹೇಳಿಯೇ ಬಿಡುತ್ತೇನೆ. ನನಗೆ ನಲವತ್ತನಾಲ್ಕು ವರ್ಷ, ಮತ್ತು ನಾನು ಕೆಲಸ ಹುಡುಕುತ್ತಿದ್ದೇನೆ. ಅವತ್ತು ಹನ್ನೊಂದು ಗಂಟೆಗೆ ಅದೇ ಬಸ್ಸಿನ ಕಾರ್ಖಾನೆಯ ಕಚೇರಿಯಿಂದ ನನಗೆ ಫೋನಿನಲ್ಲಿ ಸಂದರ್ಶನವಿತ್ತು. ಈ ವಯಸ್ಸಿನಲ್ಲಿ ಕೆಲಸ ಯಾಕೆ ಎಂದು ಕೇಳುವವರಿಗೆ ನನ್ನ ಹತ್ತಿರ ಉತ್ತರವಿಲ್ಲ, ಒಂದು ಪ್ರಶ್ನೆಯಿದೆ: ನಲವತ್ತನಾಲ್ಕರ ಗಂಡಸನ್ನು ಯಾರಾದರೂ ಹೀಗೆ ಕೇಳಿದ್ದು ಉಂಟೆ? ಮದುವೆಗೆ ಮುಂಚೆ ನಾನು ಎರಡು ವರ್ಷ ಒಂದು ಕಚೇರಿಯಲ್ಲಿ ಇಂಗ್ಲಿಷ್ ಪತ್ರಗಳನ್ನು ಟೈಪು ಮಾಡುತ್ತಿದ್ದೆ. ಆಮೇಲಿನ ಇಪ್ಪತ್ತು ವರ್ಷ? ಅದಕ್ಕೆ ನಮ್ಮ ಕನ್ನಡದಲ್ಲಿ ಒಂದು ಸಿದ್ಧ ವಾಕ್ಯವಿದೆ, "ಸುಮ್ನೆ ಮನೇಲಿದ್ದೀನಿ." ಮದುವೆಮನೆಗಳಲ್ಲಿ, ಬಸ್ ನಿಲ್ದಾಣದಲ್ಲಿ, ಮಗಳ ಶಾಲೆಯ ಸಭೆಗಳಲ್ಲಿ ಯಾರು ಕೇಳಿದರೂ ನಾನೇ ನಗುನಗುತ್ತಾ ಹೇಳಿದ್ದೇನೆ. ಸುಮ್ಮನಿರುವವಳು ಬೆಳಿಗ್ಗೆ ಐದಕ್ಕೆ ಯಾಕೆ ಏಳಬೇಕು ಎಂಬ ಸಣ್ಣ ಅನುಮಾನ ನನಗೇ ಇಪ್ಪತ್ತು ವರ್ಷ ಬರಲಿಲ್ಲ ಎಂದ ಮೇಲೆ ಬೇರೆಯವರನ್ನು ಅಂದು ಏನು ಬಂತು!

ಹೋದ ವರ್ಷ ಈ ಸಾಹಸಕ್ಕೆ ಮೊದಲು ಕೈಹಾಕಿದಾಗ ಏನೂ ಮುಚ್ಚಿಡಲಿಲ್ಲ. ಬೀದಿಯಲ್ಲಿ ನಾಲ್ಕು ಜನಕ್ಕೆ ಹೇಳಿದೆ, ಎಲ್ಲಾದರೂ ಕೆಲಸ ಇದ್ದರೆ ತಿಳಿಸಿ ಎಂದು. ಒಂದು ವಾರದಲ್ಲಿ ಆ ಸುದ್ದಿ ಊರು ಸುತ್ತಿ, "ಮೇಷ್ಟ್ರನ್ನ ಸಸ್ಪೆಂಡ್ ಮಾಡವ್ರಂತೆ" ಎಂದಾಗಿ ವಾಪಸು ಬಂತು. ನಮ್ಮ ಯಜಮಾನರು ನಮ್ಮೂರಿಗೆ ಹತ್ತಿರದ ಕಲ್ಯದ ಕಡೆಯ ಹಳ್ಳಿಯೊಂದರಲ್ಲಿ ಗಣಿತದ ಮೇಷ್ಟ್ರು. ನಾನು ಕೆಲಸ ಹುಡುಕುವುದು ಅವರಿಗೆ ಗೊತ್ತು, ಈ ಗಾಳಿಸುದ್ದಿ ಮಾತ್ರ ಗೊತ್ತಿಲ್ಲ. ಒಂದು ಭಾನುವಾರ ಹಳೆಯ ಸಹೋದ್ಯೋಗಿಗಳಿಬ್ಬರು ಒಂದು ಚಿಪ್ಪು ಬಾಳೆಹಣ್ಣು ಹಿಡಿದು ಬಂದು, ತಲೆ ತಗ್ಗಿಸಿ ಕುಳಿತು, "ಎಲ್ಲಾ ಸರಿಹೋಗುತ್ತೆ ಸಾರ್" ಎಂದರು. ಪಾಪ, ಅವರಿಗೇ ಏನೋ ಕಷ್ಟ ಬಂದಿದೆ ಎಂದುಕೊಂಡ ನಮ್ಮವರು, "ಧೈರ್ಯವಾಗಿರಿ, ನಾವೆಲ್ಲ ಇದ್ದೀವಲ್ಲ" ಎಂದು ಅವರ ಬೆನ್ನು ಸವರಿದರು. ಮೂವರೂ ಒಬ್ಬರನ್ನೊಬ್ಬರು ಸಮಾಧಾನ ಮಾಡಿಕೊಂಡು ಕಾಫಿ ಕುಡಿದರು. ಅವತ್ತೇ ನಿರ್ಧಾರ ಮಾಡಿದೆ: ಇನ್ನು ಮುಂದೆ ನನ್ನ ಅರ್ಜಿಗಳ ವಿಷಯ ಈ ಮನೆಯ ಹೊಸಿಲು ದಾಟಕೂಡದು.

ದಾಟದಂತೆ ನೋಡಿಕೊಳ್ಳುವುದು ಸುಲಭವಿರಲಿಲ್ಲ. ಈ ಕಸರತ್ತಿನಲ್ಲಿ ನನಗೆ ಸಲಹೆಗಾರ್ತಿ ಎಂದರೆ ಮಗಳು ಅನು ಒಬ್ಬಳೇ. ಅವಳು ಮೈಸೂರಿನ ಹಾಸ್ಟೆಲಿನಲ್ಲಿದ್ದು ಡಿಗ್ರಿ ಓದುತ್ತಿದ್ದಾಳೆ. ನಮ್ಮ ಮನೆಯಲ್ಲಿ ಫೋನಿಗೆ ಸಿಗ್ನಲ್ ಸಿಗುವುದು ಒಂದೇ ಕಡೆ, ಹಿತ್ತಿಲಿನ ಒಗೆಯುವ ಕಲ್ಲಿನ ಮೇಲೆ ನಿಂತರೆ. ಕಲ್ಲಿನ ಪಕ್ಕ ಎದೆಮಟ್ಟದ ಗೋಡೆ, ಗೋಡೆಯ ಆಚೆ ಜಯಮ್ಮನ ಹಿತ್ತಿಲು. ಜಯಮ್ಮ ಒಳ್ಳೆಯ ಹೆಂಗಸು. ನುಗ್ಗೆಸೊಪ್ಪು ಬಿಟ್ಟಾಗ ಕರೆದು ಕೊಡುತ್ತಾಳೆ. ಆದರೆ ಅವಳ ಮನೆಯಲ್ಲಿ ಇಡೀ ದಿನ ಬಟ್ಟೆ ಒಣಗುತ್ತಲೇ ಇರುತ್ತದೆ, ಅವಳು ಅದನ್ನು ತಿರುವಿ ಹಾಕುತ್ತಲೇ ಇರುತ್ತಾಳೆ. ಅಷ್ಟೊಂದು ತಿರುವಿ ಹಾಕಬೇಕಾದ ಬಟ್ಟೆಯನ್ನು ನಾನು ಬೇರೆಲ್ಲೂ ಕಂಡಿಲ್ಲ.

ಅನು ಮೊದಲು ನನಗೊಂದು ಎಕ್ಸೆಲ್ ಶೀಟ್ ಮಾಡಿಕೊಟ್ಟಳು. ಯಾವ ಕಂಪನಿ, ಯಾವ ದಿನ ಅರ್ಜಿ, ಯಾವ ಪತ್ರ, ಏನು ಉತ್ತರ, ಎಲ್ಲಕ್ಕೂ ಒಂದೊಂದು ಕಾಲಮ್ಮು. ಬಂದದ್ದು ಹಸಿರು, ಬಾರದ್ದು ಹಳದಿ, ಬೇಡವೆಂದದ್ದು ಕೆಂಪು. ನೋಡಲು ದಸರೆಯ ದೀಪಾಲಂಕಾರದಂತಿತ್ತು. ನನಗೆ ಅಚ್ಚುಕಟ್ಟು ಗೊತ್ತಿಲ್ಲವೆಂದಲ್ಲ. ಕಾನ್ವೆಂಟಿನಲ್ಲಿ ಹೊಲಿಗೆ ಕಲಿಸುತ್ತಿದ್ದ ಸಿಸ್ಟರ್, ನಾವು ಹಾಕಿದ ಕಸೂತಿಯ ಮುಂಭಾಗವನ್ನು ನೋಡುತ್ತಲೇ ಇರಲಿಲ್ಲ, ಬಟ್ಟೆ ತಿರುಗಿಸಿ ಹಿಂದಿನ ದಾರ ನೋಡಿ ಅಂಕ ಕೊಡುತ್ತಿದ್ದರು. ಅಂಥವರ ಕೈಯಲ್ಲಿ ಪಳಗಿದವಳು ನಾನು. ಆ ಹುರುಪಿನಲ್ಲೇ ಒಂದು ದಿನ ಕಂಪನಿಗಳ ಹೆಸರನ್ನು ಅಕಾರಾದಿಯಾಗಿ ಜೋಡಿಸೋಣ ಎಂದು ಏನೋ ಒತ್ತಿದೆ. ಹೆಸರುಗಳು ಮಾತ್ರ ಸಾಲಾಗಿ ಜೋಡಿಸಿಕೊಂಡವು, ಪಕ್ಕದಲ್ಲಿದ್ದ ಪತ್ರಗಳು ಇದ್ದಲ್ಲೇ ನಿಂತವು. ಅದು ತಿಳಿಯದೆ ಶೀಟು ಹೇಳಿದಂತೆ ಕಳಿಸಿದೆ. ರಾಮನಗರದ ಆಸ್ಪತ್ರೆಯೊಂದರ ಸ್ವಾಗತಕಾರಿಣಿ ಹುದ್ದೆಗೆ, "ಬಾಲ್ಯದಿಂದಲೂ ಬೊಂಬೆಗಳೆಂದರೆ ನನಗೆ ಪ್ರಾಣ" ಎಂಬ ಪತ್ರ ಹೋಯಿತು. ಚನ್ನಪಟ್ಟಣದಲ್ಲಿ ಮರದ ಬೊಂಬೆ ಮಾಡಿ ಹೊರದೇಶಕ್ಕೆ ಕಳಿಸುವವರಿಗೆ, "ನೋವಿನಲ್ಲಿರುವವರ ಜೊತೆ ಮೃದುವಾಗಿ ಮಾತನಾಡಬಲ್ಲೆ" ಎಂಬ ಭರವಸೆ ತಲುಪಿತು. ಬೊಂಬೆಯವರು ಫೋನು ಮಾಡಿ ಬೇಕಾದಷ್ಟು ತಮಾಷೆ ಮಾಡಿದರು. ಆಸ್ಪತ್ರೆಯವರು ಬೊಂಬೆಯ ಸುದ್ದಿಯನ್ನೇ ಎತ್ತದೆ, ವಯಸ್ಸು ಜಾಸ್ತಿಯಾಯಿತು ಎಂದರು.

ಎಕ್ಸೆಲ್ ಮುಚ್ಚಿಟ್ಟು ನನಗೆ ಗೊತ್ತಿದ್ದ ವಿದ್ಯೆಗೆ ಮರಳಿದೆ. ನಮ್ಮ ಅಡುಗೆಮನೆಯ ಗೋಡೆಗೆ ಎರಡು ಕ್ಲಿಪ್ಪುಗಳಿವೆ. ಒಂದರಲ್ಲಿ ಅಂಗಡಿ ಸಾಮಾನಿನ ಚೀಟಿ. ಇನ್ನೊಂದರಲ್ಲಿ, ಕ್ಯಾಲೆಂಡರಿನ ಹಳೆಯ ಹಾಳೆಯ ಹಿಂದೆ ಬರೆದ, ನೋಡಿದವರಿಗೆ ಅಂಗಡಿ ಚೀಟಿಯಂತೆಯೇ ಕಾಣುವ ನನ್ನ ಕೆಲಸದ ಚೀಟಿ. ಅದರಲ್ಲಿ ಬಿಡದಿಯ ಕಾರ್ಖಾನೆ ತೊಗರಿಬೇಳೆ. ಕನಕಪುರದ ಒಂದು ಶಾಲೆಯ ಕಚೇರಿ ಕೆಲಸ ಹುರುಳಿಕಾಳು, ಯಾಕೆಂದರೆ ಎಷ್ಟು ನೆನೆಸಿದರೂ ಮೆತ್ತಗಾಗದು. ರಾಮನಗರದ ಆಸ್ಪತ್ರೆ ಅವರೆಕಾಳು. ಚನ್ನಪಟ್ಟಣದ ಬೊಂಬೆಯವರು ಮೆಂತ್ಯ; ಕಹಿ ಎಂಬ ಒಂದೇ ಕಾರಣಕ್ಕೆ. ಒಗೆಯುವ ಕಲ್ಲಿನ ಮೇಲೆ ನಿಂತು ನಾನು ಧಾರಾಳವಾಗಿ ಕೂಗುತ್ತಿದ್ದೆ, "ತೊಗರಿಬೇಳೆ ಇನ್ನೂ ಬೆಂದಿಲ್ಲ ಕಣೆ ಅನು, ಇನ್ನೊಂದು ಕೂಗು ನೋಡೋಣ." ಗೋಡೆಯಾಚೆ ಜಯಮ್ಮ ಬಟ್ಟೆ ತಿರುವುತ್ತಿರುತ್ತಿದ್ದಳು. ಒಮ್ಮೆ ಅವಳೇ ಕೇಳಿದಳು, "ಅಲ್ಲ ಅಕ್ಕ, ನಿಮ್ಮನೇಲಿ ಬೇಳೆ ಬೇಯಾಕೆ ಮೂರು ತಿಂಗ್ಳು ಹಿಡಿತದಾ?" ನನ್ನ ಅಡುಗೆಯನ್ನು ಹಂಗಿಸುತ್ತಿದ್ದಾಳೆ ಎಂದು ಸ್ವಲ್ಪ ಬೇಜಾರಾಯಿತು. ಆದರೆ ಗುಟ್ಟು ಭದ್ರವಾಗಿದೆಯಲ್ಲ ಎಂದು ಬೀಗಿದೆ.

ಆ ಮಂಗಳವಾರ ಎಂಟು ಗಂಟೆಗೆ ನಮ್ಮ ಯಜಮಾನರು ಶಾಲೆಗೆ ಹೊರಡುವಾಗ ಇಪ್ಪತ್ತು ವರ್ಷದಲ್ಲಿ ಹೇಳದ ಮಾತೊಂದು ಹೇಳಿದರು. "ನೀನು ಇವತ್ತು ನಿನ್ನ ಇಂಟರ್‌ವ್ಯೂ ಕಡೆ ಗಮನ ಕೊಡು. ಅಂಗಡಿ ಚೀಟಿ ನಾನೇ ನಂಜಪ್ಪನಿಗೆ ಕೊಟ್ಟು ಹೋಗ್ತೀನಿ." ನನಗೆ ಕಣ್ಣು ತುಂಬಿ ಬಂತು. ಕಣ್ಣು ತುಂಬಿದಾಗ ಎದುರಿನವರು ಯಾವ ಕ್ಲಿಪ್ಪಿಗೆ ಕೈ ಹಾಕಿದರು ಎಂಬುದು ಕಾಣುವುದಿಲ್ಲ.

ತಿಳಿದದ್ದು ಹತ್ತೂ ಮುಕ್ಕಾಲಿಗೆ. ಸ್ನಾನ ಮುಗಿಸಿ, ಫೋನಿನಲ್ಲಿ ಯಾರಿಗೂ ಕಾಣದಿದ್ದರೂ ಇಸ್ತ್ರಿ ಮಾಡಿದ ಸೀರೆಯನ್ನೇ ಉಟ್ಟು, ಚೀಟಿ ತೆಗೆಯಲು ಹೋದರೆ ಕ್ಲಿಪ್ಪಿನಲ್ಲಿ ಬರೀ ಗಾಳಿ. ಪಕ್ಕದ ಕ್ಲಿಪ್ಪಿನಲ್ಲಿ "ಸೋಪು, ಸಾಸಿವೆ, ಊದುಬತ್ತಿ" ನಿಶ್ಚಿಂತೆಯಿಂದ ತೂಗುತ್ತಿತ್ತು. ಆ ಚೀಟಿ ಯಾಕೆ ಅಷ್ಟು ಮುಖ್ಯ ಎಂದು ಹೇಳಬೇಕು. ನನ್ನ ಹತ್ತಿರ ಮೂರು ಬಯೋಡೇಟಾಗಳಿದ್ದವು, ಮತ್ತು ಆ ಇಪ್ಪತ್ತು ವರ್ಷಕ್ಕೆ ಮೂರೂ ಮೂರು ಕಾರಣ ಕೊಡುತ್ತಿದ್ದವು. ಒಂದರಲ್ಲಿ "ಕುಟುಂಬದ ಜವಾಬ್ದಾರಿ". ಇನ್ನೊಂದರಲ್ಲಿ "ಮಕ್ಕಳಿಗೆ ಮನೆಪಾಠ". ಜಯಮ್ಮನ ಮಗಳಿಗೆ ಎರಡು ತಿಂಗಳು ಕಾಗುಣಿತ ಹೇಳಿಕೊಟ್ಟಿದ್ದೆ, ಅದನ್ನು ಒಸಿ ಹಿಗ್ಗಿಸಿದ್ದೆ. ಮೂರನೆಯದು ಅನು ತಿದ್ದಿದ್ದು, ಅದರಲ್ಲಿ "ಕೆರಿಯರ್ ಬ್ರೇಕ್" ಎಂದಿತ್ತು, ನಾನೇನೋ ಸಿನಿಮಾ ತಾರೆಯಂತೆ. ಬಿಡದಿಗೆ ಹೋದದ್ದು ಮೂರರಲ್ಲಿ ಯಾವುದು ಎಂದು ಬರೆದಿದ್ದದ್ದು ಆ ಚೀಟಿಯಲ್ಲಿ ಮಾತ್ರ. ಅರ್ಜಿ ಕಳಿಸಿದ್ದು ಅನುವಿನ ಲ್ಯಾಪ್‌ಟಾಪಿನಿಂದ. ಅವಳು ಅವತ್ತು ಪರೀಕ್ಷೆಯ ಹಾಲಿನಲ್ಲಿದ್ದಳು. ಫೋನಿನವರು ಕೇಳಿದಾಗ ಒಂದು ಕಾರಣಕ್ಕೆ ಇನ್ನೊಂದು ಹೇಳಿಬಿಟ್ಟರೆ ಸುಳ್ಳುಗಾತಿ ಎಂದಾಗಿ, ಕಿಟಕಿ ಪಕ್ಕದ ಸೀಟು ಹೋಯಿತು. ಚಪ್ಪಲಿ ಮೆಟ್ಟಿ ಅಂಗಡಿಗೆ ಓಡಿದೆ. ಓಡಿದೆ ಎನ್ನಬಾರದು, ಇಸ್ತ್ರಿ ಸೀರೆಯಲ್ಲಿ ಎಷ್ಟು ಬೇಗ ನಡೆಯಬಹುದೋ ಅಷ್ಟು.

ಅಂಗಡಿಯಲ್ಲಿ ನಂಜಪ್ಪ ಕನ್ನಡಕವನ್ನು ಹಣೆಗೇರಿಸಿ, ಮುಖ ಗಂಟಿಕ್ಕಿಕೊಂಡು ನನಗೇ ಕಾಯುತ್ತಿದ್ದ. ಅಕ್ಕಿ ಮೂಟೆಯ ಮೇಲೆ ಅವನ ಬೆಕ್ಕು ಮಲಗಿತ್ತು. ಬೆಲ್ಲ ಕೊಳ್ಳಲು ಬಂದ ಒಬ್ಬ ಅಜ್ಜಿ ಮೆಟ್ಟಿಲ ಮೇಲೆ ಕುಳಿತು ಎಲೆಗೆ ಸುಣ್ಣ ಸವರುತ್ತಿದ್ದಳು.

"ಬನ್ನಿ ಅಮ್ಮಾವ್ರೇ, ಬನ್ನಿ," ಎಂದ. "ಇಪ್ಪತ್ತು ವರ್ಸದಿಂದ ನಿಮ್ಮನೆಗೆ ಸಾಮಾನು ಕೊಡ್ತಿವ್ನಿ. ಒಂದಿನಾನಾದ್ರೂ ಕೆಟ್ಟ ಮಾಲು ಕೊಟ್ಟಿದೀನಾ?"

"ಇಲ್ಲ ನಂಜಪ್ಪ, ಆ ಚೀಟಿ ಒಂದು ವಾಪಸ್ ಕೊಡಿ..."

"ಕೊಡ್ತೀನಿ ತಡೀರಿ. ಮೊದ್ಲು ಚೀಟೀಲಿ ಬರ್ದಿರೋದಕ್ಕೆ ಉತ್ರ ಯೋಳಿ. ಅವರೆಕಾಳು, ವಯಸ್ಸು ಜಾಸ್ತಿ ಅಂದರು. ಯಾರಂದೋರು? ಮೊನ್ನೆ ಶುಕ್ರವಾರ ಬಂದಿರೋ ಸೊಗಡಿನ ಅವರೆ ಅದು. ಮೂಸಿ ನೋಡಿ! ಇದಕ್ಕೆ ವಯಸ್ಸಾಗೈತಾ?" ಒಂದು ಹಿಡಿ ಕಾಳು ನನ್ನ ಮೂಗಿನ ಹತ್ತಿರ ಬಂತು.

ವಯಸ್ಸಾಗಿಲ್ಲ ಎಂದು ಒಪ್ಪಿಕೊಂಡೆ. ನಿಜ ಹೇಳಬೇಕೆಂದರೆ ಆ ಮಾತು ಕೇಳಿ ಮನಸ್ಸಿಗೆ ಸ್ವಲ್ಪ ಹಿತವೂ ಆಯಿತು.

"ಹುರುಳಿಕಾಳು, ಎರಡು ಸಲ ಕೇಳಿದೆ, ಉತ್ತರವಿಲ್ಲ. ಯಾವಾಗ್ ಕೇಳಿದ್ರಿ? ನಾನೇನು ಕಿವುಡನಾ? ಮೆಂತ್ಯ, ಬೇಡವೇ ಬೇಡ, ಮಾತು ಸರಿಯಿಲ್ಲ. ಬ್ಯಾಡ ಅಂದ್ಮೇಲೆ ಚೀಟೀಲಿ ಯಾಕ್ ಬರುದ್ರಿ? ಆ ಮೆಂತ್ಯ ಏನಂತು ನಿಮ್ಗೆ?"

"ಕಹಿಯಾಗಿ ಮಾತಾಡಿರ್ಬೇಕು ಬುಡು," ಎಂದಳು ಅಜ್ಜಿ.

"ತೊಗರಿಬೇಳೆ, ಮಂಗಳವಾರ ಹನ್ನೊಂದಕ್ಕೆ. ಅದೊಂದು ಅರ್ಥ ಆಯ್ತು. ಒಂದು ಕೇಜಿ ಕಟ್ಟಿ ಮಡಗಿವ್ನಿ, ಹನ್ನೊಂದಕ್ಕೆ ಸರ್ಯಾಗಿ ಕಳಿಸ್ತಿದ್ದೆ. ನೀವೇ ಬಂದ್ಬುಟ್ರಿ." ಹೀಗೆ ಹೇಳಿ, ಗೋಡೆಯ ತಂತಿಗೆ ಚುಚ್ಚಿದ್ದ ಚೀಟಿಗಳ ಕಂತೆಯಿಂದ ನನ್ನದನ್ನು ಕಿತ್ತು ಕೊಟ್ಟ.

ನಾನು ಗಬಕ್ಕನೆ ಕಿತ್ತುಕೊಂಡು ನೋಡಿದೆ. ತೊಗರಿಬೇಳೆ, ಮಂಗಳವಾರ ಹನ್ನೊಂದಕ್ಕೆ, ಅದರ ಮುಂದೆ ಯಾವ ಬಯೋಡೇಟಾ ಎಂದು ಬರೆದಿದ್ದ ಜಾಗದಲ್ಲಿ ಒಂದು ತೂತು. ನಂಜಪ್ಪನ ತಂತಿ ಇಡೀ ಹಾಳೆ ಬಿಟ್ಟು ಸರಿಯಾಗಿ ಅಲ್ಲೇ ಇಳಿದು, ಅಕ್ಷರಗಳನ್ನು ಹರಿದುಕೊಂಡು ಹೋಗಿತ್ತು. ಹಾಳೆಯನ್ನು ಬೆಳಕಿಗೆ ಹಿಡಿದೆ. ತೂತಿನಲ್ಲಿ ಬೆಕ್ಕಿನ ಒಂದು ಕಿವಿ ಕಾಣಿಸಿತು. ಆಗಲೇ ಕೈಯಲ್ಲಿದ್ದ ಫೋನು ಹೊಡೆದುಕೊಂಡಿತು. ಹನ್ನೊಂದಕ್ಕೆ ಇನ್ನೂ ಎರಡು ನಿಮಿಷವಿತ್ತು.

ಆ ಕಡೆ ಇದ್ದದ್ದು ಎಳೆಯ ದನಿಯ ಒಬ್ಬ ಹುಡುಗಿ, ಇಂಗ್ಲಿಷಿನಲ್ಲಿ ಶುಭೋದಯ ಹೇಳಿದಳು. ಕಾನ್ವೆಂಟಿನಲ್ಲಿ ಹತ್ತು ವರ್ಷ ಕೂತವರಿಗೆ ಒಂದು ರೋಗವಿದೆ: ಇಂಗ್ಲಿಷಿನಲ್ಲಿ ಯಾರು ಶುಭೋದಯ ಹೇಳಿದರೂ ಕಾಲು ಜೋಡಿಸಿ ನಿಂತು, ರಾಗ ಎಳೆದು ತಿರುಗಿ ಹೇಳುವುದು. ಅಕ್ಕಿ ಮೂಟೆ ಮತ್ತು ಎಣ್ಣೆ ಡಬ್ಬಗಳ ನಡುವೆ ಅಟೆನ್ಷನ್ನಿನಲ್ಲಿ ನಿಂತು ರಾಗವಾಗಿ ಹೇಳಿದೆ. ಬೆಕ್ಕು ಎದ್ದು ಕುಳಿತಿತು. ಟೈಪಿಂಗ್, ಪತ್ರ ಬರೆಯುವುದು, ಕಂಪ್ಯೂಟರು ಎಂದು ನಾಲ್ಕು ಪ್ರಶ್ನೆ ಇಂಗ್ಲಿಷಿನಲ್ಲೇ ಕೇಳಿದಳು, ನಾಲ್ಕಕ್ಕೂ ಇಂಗ್ಲಿಷಿನಲ್ಲೇ ಉತ್ತರ ಕೊಟ್ಟೆ. ನಂಜಪ್ಪ ಕನ್ನಡಕ ಕಣ್ಣಿಗಿಳಿಸಿ ನನ್ನನ್ನು ಹೊಸದಾಗಿ ನೋಡಿದ. ಆಮೇಲೆ ಅವಳು ಕನ್ನಡಕ್ಕೆ ಇಳಿದು, ಬಹಳ ಮರ್ಯಾದೆಯಿಂದ, ನಾನು ಹೆದರಿದ್ದನ್ನೇ ಕೇಳಿದಳು. "ಮೇಡಂ, ಇಪ್ಪತ್ತು ವರ್ಷ ಗ್ಯಾಪ್ ಇದೆ. ಅದಕ್ಕೆ ರೆಸ್ಯೂಮ್‌ನಲ್ಲಿ ಒಂದು ಕಾರಣ ಕೊಟ್ಟಿದ್ದೀರ. ಸ್ವಲ್ಪ ವಿವರಿಸ್ತೀರಾ?"

ಮತ್ತೊಮ್ಮೆ ತೂತು ನೋಡಿದೆ. ಮೂರು ಕಾರಣಗಳೂ ಆ ತೂತಿನಿಂದ ಇಳಿದು ಹೋಗಿದ್ದವು. ಯಾವುದನ್ನು ಹೇಳಿದರೂ ಅಪಾಯ. ಉಳಿದದ್ದು ನಾಲ್ಕನೆಯದು, ಯಾವ ಬಯೋಡೇಟಾದಲ್ಲೂ ಬರೆಯದಿದ್ದದ್ದು.

"ಏನು ಕಾರಣ ಬರೆದಿದ್ದೀನಿ ಅಂತ ಮರೆತುಹೋಗಿದೆಯಮ್ಮ," ಎಂದೆ. "ಆದರೆ ಅದು ಗ್ಯಾಪ್ ಅಲ್ಲ. ನೀರು ಬಿಡೋ ದಿನ, ಗ್ಯಾಸ್ ಮುಗಿಯೋ ದಿನ, ಮಗಳ ಪರೀಕ್ಷೆಗೆ ಅರ್ಜಿ ಹಾಕೋ ಕೊನೇ ದಿನ, ಎಲ್ಲಾ ಈ ತಲೇಲೇ ಇಟ್ಕೊಂಡಿದ್ದೆ. ನಮ್ಮತ್ತೆ ಮೂರು ವರ್ಷ ಹಾಸಿಗೆ ಹಿಡಿದಿದ್ದರು. ದಿನಕ್ಕೆ ಒಂಬತ್ತು ಮಾತ್ರೆ. ಒಂದು ಹೊತ್ತೂ ತಪ್ಪಲಿಲ್ಲ, ಒಂದಕ್ಕೊಂದು ಅದಲುಬದಲೂ ಆಗಲಿಲ್ಲ. ರಜ ಹಾಕಲಿಲ್ಲ. ಹಾಕೋದಕ್ಕೆ ಅರ್ಜಿ ಯಾರಿಗೆ ಕೊಡಬೇಕು ಅನ್ನೋದೇ ಗೊತ್ತಿರಲಿಲ್ಲ. ಇಪ್ಪತ್ತು ವರ್ಷ ಖಾಲಿ ಇದ್ದದ್ದು ನಿಮ್ಮ ಫಾರಮ್ಮಿನ ಕಾಲಮ್ಮು, ನಾನಲ್ಲ."

ದನಿ ಸ್ವಲ್ಪ ಏರಿತ್ತೆಂದು ತೋರುತ್ತದೆ. "ಅಂಗೇಳವ್ವ!" ಎಂದಳು ಅಜ್ಜಿ, ಎಲೆಯನ್ನು ಕೆನ್ನೆಗೆ ಸೇರಿಸುತ್ತಾ.

ಫೋನಿನಲ್ಲಿ ಹುಡುಗಿ ಏನೋ ಟೈಪು ಮಾಡಿಕೊಳ್ಳುವ ಸದ್ದು. ಮುಗಿಯಿತು ಎಂದುಕೊಂಡೆ. ಮುಗಿದರೆ ಮುಗಿಯಲಿ, ಹೇಳಿದ್ದನ್ನು ವಾಪಸು ತೆಗೆದುಕೊಳ್ಳುವವಳು ನಾನಲ್ಲ. ಕೊನೆಗೆ ಹುಡುಗಿ ಕೆಮ್ಮಿ, "ಇನ್ನೊಂದೇ ಪ್ರಶ್ನೆ ಮೇಡಂ. ಈ ಕೆಲಸದಲ್ಲಿ ಕಾಗದಪತ್ರ ಜಾಸ್ತಿ. ಎಲ್ಲಾ ಅಚ್ಚುಕಟ್ಟಾಗಿ ಇಟ್ಕೊಳ್ಳೋ ಅಭ್ಯಾಸ ಇದೆಯಾ?" ಎಂದಳು.

ಎಡಗೈಯಲ್ಲಿ ತೂತುಬಿದ್ದ ಚೀಟಿ, ಬಲಗೈಯಲ್ಲಿ ಫೋನು. "ಅದರಲ್ಲಿ ನನ್ನನ್ನು ಮೀರಿಸಿದವರಿಲ್ಲ," ಎಂದೆ. ನಾಚಿಕೆಯೇನೂ ಆಗಲಿಲ್ಲ.

"ಸರಿ ಮೇಡಂ, ಶುಕ್ರವಾರ ಬೆಳಿಗ್ಗೆ ಹತ್ತು ಗಂಟೆಗೆ ಆಫೀಸಿಗೆ ಬನ್ನಿ. ಒಂದು ಸಲ ನೇರವಾಗಿ ಮಾತಾಡೋಣ," ಎಂದು ಫೋನಿಟ್ಟಳು.

ಕೇಳದಿದ್ದ ಒಂದು ಕೇಜಿ ತೊಗರಿಬೇಳೆ, ವಯಸ್ಸಾಗದ ಅವರೆಕಾಳು, ನಂಜಪ್ಪನ ಮನಸ್ಸು ನೋಯಬಾರದೆಂದು ಅರ್ಧ ಕೇಜಿ ಹುರುಳಿ ಮತ್ತು ಮೆಂತ್ಯ, ಇಷ್ಟನ್ನೂ ಹೊತ್ತು ಮನೆಗೆ ಬಂದೆ. ಸೋಪು, ಸಾಸಿವೆ, ಊದುಬತ್ತಿ ಮರೆತೇ ಹೋದವು. ದಾರಿಯುದ್ದಕ್ಕೂ ಒಂದೇ ಸಮಾಧಾನ: ಇಷ್ಟೆಲ್ಲ ರಾದ್ಧಾಂತವಾದರೂ ನನ್ನ ಸಂಕೇತ ಮುರಿಯಲಿಲ್ಲ. ನಂಜಪ್ಪ ಚೀಟಿಯನ್ನು ಅಕ್ಷರ ಅಕ್ಷರ ಓದಿದರೂ ಅವನಿಗೆ ಕಂಡದ್ದು ಬರೀ ಕಾಳುಬೇಳೆ. ನಾನು ಯಾರ ಜೊತೆಗೋ ಕೆಲಸದ ವಿಷಯ ಮಾತಾಡಿದೆ ಎಂಬುದಷ್ಟೇ ತಿಳಿದೀತು. ಯಾವುದು, ಎಲ್ಲಿ, ಎಷ್ಟು ಕಡೆ, ದೇವರಾಣೆ ತಿಳಿಯದು. ಹೊಲಿಗೆ ಸಿಸ್ಟರ್ ಹಿಂದಿನ ದಾರ ತಿರುಗಿಸಿ ನೋಡಿದರೂ ಪೂರ್ತಿ ಅಂಕ ಕೊಡುತ್ತಿದ್ದರು.

ಗ್ರಹಚಾರ ನೋಡಿ, ಮೂರು ತಿಂಗಳು ಬೇಯದ ಹುರುಳಿಕಾಳೂ ಅವತ್ತೇ ಬೇಯಬೇಕೆ? ಮಧ್ಯಾಹ್ನ ಕನಕಪುರದ ಶಾಲೆಯಿಂದ ಮೆಸೇಜು ಬಂತು. ಶುಕ್ರವಾರ ಬೆಳಿಗ್ಗೆ ಹತ್ತಕ್ಕೆ ಬಂದು ಭೇಟಿಯಾಗಿ, ದಿನ ಬದಲಾಯಿಸಲು ಆಗುವುದಿಲ್ಲ ಎಂದು. ಇಪ್ಪತ್ತು ವರ್ಷ ಯಾರಿಗೂ ಬೇಡವಾಗಿದ್ದವಳು ಒಂದೇ ದಿನ, ಒಂದೇ ಗಂಟೆಗೆ, ಎರಡು ಊರಿಗೆ ಬೇಕಾದೆ. ಎಕ್ಸೆಲ್ಲಿನಲ್ಲಿ ಇದಕ್ಕೆ ಯಾವ ಬಣ್ಣವೋ ಗೊತ್ತಿಲ್ಲ.

ಸಂಜೆ ಐದೂವರೆಗೆ, ಪರೀಕ್ಷೆ ಮುಗಿಸಿ ಬಂದ ಅನು ಫೋನು ಮಾಡಿದಳು. ಸೆರಗು ಸಿಕ್ಕಿಸಿಕೊಂಡು ಒಗೆಯುವ ಕಲ್ಲು ಹತ್ತಿದೆ. "ತೊಗರಿಬೇಳೆ ಬೆಂತು ಕಣೆ! ಹುರುಳಿಕಾಳೂ ಬೆಂತು! ಎರಡೂ ಶುಕ್ರವಾರಾನೇ ಇಳಿಸಬೇಕು. ಯಾವುದನ್ನ ಒಲೆ ಮೇಲೆ ಬಿಡಲಿ, ಯಾವುದನ್ನ ಇಳಿಸಲಿ, ಒಂದೂ ತೋಚ್ತಿಲ್ಲ," ಎಂದೆ. ಅವಳು ಖುಷಿಯಲ್ಲಿ ಕಿರುಚಿದಳು. ಎರಡರ ಗುಣದೋಷವನ್ನೂ ಕಾಲು ಗಂಟೆ ಬೇಳೆಕಾಳಿನ ಭಾಷೆಯಲ್ಲೇ ಚರ್ಚಿಸಿದೆವು. ಹುರುಳಿ ಮೈಗೆ ಒಳ್ಳೆಯದು, ಆದರೆ ಹೊತ್ತು ಹಿಡಿಯುತ್ತದೆ. ಬೇಳೆ ದಿನಾ ಬೇಕು, ಆದರೆ ಬೇಗ ಹಳಸುತ್ತದೆ. ಏನೂ ತೀರ್ಮಾನವಾಗದೆ ಫೋನಿಟ್ಟು, ಕಲ್ಲಿನ ಮೇಲೆಯೇ ಕೈಕಟ್ಟಿ ನಿಂತೆ.

ಗೋಡೆಯಾಚೆ ಜಯಮ್ಮ ಒಣಗಿದ ಬಟ್ಟೆಗಳನ್ನು ತಂತಿಯಿಂದ ತೆಗೆದು ಹೆಗಲಿಗೆ ಹಾಕಿಕೊಳ್ಳುತ್ತಿದ್ದಳು. ಬಾಯಲ್ಲಿ ಕಚ್ಚಿಕೊಂಡಿದ್ದ ಕ್ಲಿಪ್ಪು ತೆಗೆದು, ನನ್ನ ಕಡೆ ತಿರುಗಿಯೂ ನೋಡದೆ ಹೇಳಿದಳು:

"ಅದಕ್ಯಾಕಕ್ಕ ಅಷ್ಟೊಂದು ಯೋಚ್ನೆ? ಹುರುಳಿಕಾಳು ಅಂದ್ರೆ ರಾಮನಗರದಲ್ಲಿ ಇಳ್ದು ಇನ್ನೊಂದು ಬಸ್ಸು ಹತ್ಬೇಕು. ತೊಗರಿಬೇಳೆ ಆದ್ರೆ ನಿಮ್ಮ ರಂಗೋಲಿ ಮೇಲೇ ಬಂದು ನಿಂತ್ಕತದೆ."